ಬಗ್ಗದ ಸಂಖ್ಯೆ

ತಕ್ಕಡಿ ಸಾಹೇಬರು ನಿವೃತ್ತರಾದ ದಿನ ಊರಿನ ಅಂಗಡಿಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಮನೆಯಲ್ಲಿ ಅವರ ಹೆಂಡತಿ ಮಾತ್ರ ಉಸಿರು ಬಿಗಿಹಿಡಿದಳು. ಮೂವತ್ತಾರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು, ಸವೆದ ತೂಕದ ಕಲ್ಲು, ತಟ್ಟೆಯಡಿ ಮೇಣ ಮೆತ್ತಿದ ತಕ್ಕಡಿ, ತಳ ಎತ್ತರಿಸಿದ ಲೀಟರು ಇವನ್ನೆಲ್ಲ ಮೂಸಿ ನೋಡಿಯೇ ಹಿಡಿಯುತ್ತಿದ್ದ ಮನುಷ್ಯ. ಅಂಥವರು ಇನ್ನು ಇಡೀ ದಿನ ಮನೆಯಲ್ಲೇ ಇರುತ್ತಾರೆಂದರೆ ಯಾವ ಹೆಂಡತಿಗೆ ತಾನೇ ಎದೆ ಧಸಕ್ಕೆನ್ನದು?

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಅನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಇಷ್ಟೇ ಆಕೆಯ ರಾಜ್ಯ. ಆ ರಾಜ್ಯದ ಮೇಲೂ ಸಾಹೇಬರು ಒಮ್ಮೆ ದಾಳಿ ಮಾಡಿದ್ದುಂಟು. ಮದುವೆಯಾದ ಎರಡನೇ ವರ್ಷ ಆಕೆಯ ಅಳತೆ ಟೇಪು ಕಾಲಂಗುಲ ಜಗ್ಗಿದೆಯೆಂದು ಕಂಡುಹಿಡಿದು, ಅದನ್ನು ಆಕೆಯ ಕತ್ತರಿಯಿಂದಲೇ ಎರಡು ತುಂಡು ಮಾಡಿ, ವಶಪಡಿಸಿಕೊಂಡದ್ದಕ್ಕೆ ರಶೀದಿ ಬರೆದುಕೊಟ್ಟಿದ್ದರು. ಆ ರಶೀದಿಯನ್ನು ಟೈಲರಮ್ಮ ಇವತ್ತಿಗೂ ಸೂಜಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಪ್ರೀತಿಯಿಂದೇನಲ್ಲ, ಹೊಟ್ಟೆಯುರಿಯಿಂದ.

ನಿವೃತ್ತಿಯ ಮೊದಲ ಆರು ತಿಂಗಳು ಹೇಗೆ ಕಳೆಯಿತೆಂದು ಕೇಳಬೇಡಿ. ಸಕ್ಕರೆ ಡಬ್ಬಿಯನ್ನು ವಾರಕ್ಕೊಮ್ಮೆ ತೂಗಿದರು. ಹಾಲಿನ ಪಾತ್ರೆಗೆ ಗೀಟು ಹಾಕಿದರು. ಗೋಡೆ ಗಡಿಯಾರ ದಿನಕ್ಕೆ ಹನ್ನೊಂದು ಸೆಕೆಂಡು ಹಿಂದೆ ಬೀಳುತ್ತದೆಂದು ಹೆಂಡತಿಗೇ ಬೈದರು, ಆಕೆಯೇ ಅದರ ಮುಳ್ಳು ಹಿಡಿದು ಎಳೆದಂತೆ. ಗಂಡ ಹೆಂಡತಿಯ ನಡುವೆ ಇದ್ದ ಮಾತೆಂದರೆ ತಪ್ಪು ಹುಡುಕುವವರು ಒಬ್ಬರು, ಹೂಂಗುಟ್ಟುವವಳು ಒಬ್ಬಳು. ಅಷ್ಟರಲ್ಲಿ ಸಾಹೇಬರ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆಂದು ಹೋದವರು, ಆಸ್ಪತ್ರೆಯಲ್ಲಿ ತಮ್ಮನ್ನು ನಿಲ್ಲಿಸಿ ತೂಗಿದ ಯಂತ್ರಕ್ಕೆ ಆ ವರ್ಷದ ಮುದ್ರೆ ಬಿದ್ದಿಲ್ಲವೆಂದು ತಗಾದೆ ತೆಗೆದು, ಪೊರೆಯ ಸಮೇತ ವಾಪಸು ಬಂದರು.

ಹೀಗೆ ಕಣ್ಣು ಮಂಜಾಗಿ, ಕೈ ಖಾಲಿಯಾಗಿ ಕೂತಿದ್ದ ಒಂದು ಮಧ್ಯಾಹ್ನ, ಮೂರು ಗಂಟೆಗೆ, ಸಾಹೇಬರು ಮುಂದಿನ ಕೋಣೆಗೆ ಬಂದು ಕತ್ತರಿಸುವ ಮೇಜಿನ ಎದುರು ಕೂತರು.

"ಲೇ, ಇಲ್ಲಿ ಕೇಳು. ಎರಡನ್ನ ಎರಡರಿಂದ ಗುಣಿಸಿದ್ರೆ ನಾಲ್ಕು. ನಾಲ್ಕನ್ನ ನಾಲ್ಕರಿಂದ ಗುಣಿಸಿದ್ರೆ ಹದಿನಾರು. ಹದಿನಾರನ್ನ ಹದಿನಾರರಿಂದ ಗುಣಿಸಿದ್ರೆ ಇನ್ನೂರ ಐವತ್ತಾರು. ಅದನ್ನ ಅದರಿಂದಲೇ ಗುಣಿಸಿದ್ರೆ ಅರವತ್ತೈದು ಸಾವಿರದ ಐನೂರ ಮೂವತ್ತಾರು. ಈಗ ಎಲ್ಲದಕ್ಕೂ ಒಂದೊಂದು ಸೇರಿಸು. ಐದು, ಹದಿನೇಳು, ಇನ್ನೂರ ಐವತ್ತೇಳು, ಅರವತ್ತೈದು ಸಾವಿರದ ಐನೂರ ಮೂವತ್ತೇಳು. ಒಂದು ಮತ್ತೆ ಅದೇ ಸಂಖ್ಯೆ ಬಿಟ್ರೆ, ಇವನ್ನ ಇನ್ಯಾವುದರಿಂದ ಭಾಗಿಸಿದ್ರೂ ಬಗ್ಗಲ್ಲ ಕಣೇ! ಏನಾದ್ರೂ ಉಳಿದೇ ಉಳಿಯುತ್ತೆ."

"ನಿಮ್ಮ ಹಾಗೆ" ಅಂದಳು ಟೈಲರಮ್ಮ, ಅಂಗಿಯ ತೋಳು ತಿರುಗಿಸುತ್ತಾ.

ಸಾಹೇಬರಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಮುಂದುವರಿದರು. ಸಾಲಿನ ಮುಂದಿನ ಸಂಖ್ಯೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. 4294967297. ಇದೂ ಬಗ್ಗಬಾರದು ಎಂಬುದು ಅವರ ಅನುಮಾನ. ಅನುಮಾನ ಬಂದ ಮೇಲೆ ಪರೀಕ್ಷಿಸದೆ ಬಿಟ್ಟರೆ ಅವರು ತಕ್ಕಡಿ ಸಾಹೇಬರೇ ಅಲ್ಲ.

"ಇಷ್ಟು ದೊಡ್ಡದನ್ನ ಎಷ್ಟು ಅಂತ ಭಾಗಿಸ್ತೀರಿ? ಹುಚ್ಚು."

"ಭಾಗಿಸೋರು ಯಾವಾಗ್ಲೂ ಜೋಡಿಯಾಗಿ ಬರ್ತಾರೆ, ಕಳ್ಳರ ಹಾಗೆ. ಒಬ್ಬ ದೊಡ್ಡೋನು, ಒಬ್ಬ ಚಿಕ್ಕೋನು. ಚಿಕ್ಕೋನನ್ನ ಹಿಡಿದ್ರೆ ಸಾಕು, ಇನ್ನೊಬ್ಬ ತಾನಾಗೇ ಸಿಕ್ತಾನೆ. ಆ ಚಿಕ್ಕೋನು ಅರವತ್ತೈದು ಸಾವಿರದ ಐನೂರ ಮೂವತ್ತಾರರ ಒಳಗೇ ಇರಬೇಕು. ಅದರಲ್ಲೂ ಎಲ್ಲಾ ಬೇಡ, ಬರೀ ಅವಿಭಾಜ್ಯ ಸಂಖ್ಯೆಗಳು ಸಾಕು. ಆರೂವರೆ ಸಾವಿರ ಚಿಲ್ಲರೆ. ದಿನಕ್ಕೆ ಆರಾರು ಮಾಡಿದ್ರೆ ಮೂರು ವರ್ಷ."

ಲೆಕ್ಕದ ಯಂತ್ರ ಬೇಡ, ಫೋನು ಬೇಡ. ಹೊಟ್ಟೆಯೊಳಗೆ ಏನಿದೆಯೆಂದು ಬಿಚ್ಚಿ ತೋರಿಸದ ಯಾವುದನ್ನೂ ಸಾಹೇಬರು ನಂಬಿದವರಲ್ಲ. ಆದರೆ ಕಣ್ಣು ಕಾಣದು. ಹಾಗಾಗಿ ಕೆಲಸ ಹಂಚಿಕೆಯಾಯಿತು. ಅವಿಭಾಜ್ಯಗಳ ಪಟ್ಟಿಯಿದ್ದ ಹಳೆಯ ಪುಸ್ತಕ ಮತ್ತು ನೋಟ್‌ಬುಕ್ಕು ಟೈಲರಮ್ಮನ ಮುಂದೆ. ಗುಣಾಕಾರ ಸಾಹೇಬರ ತಲೆಯಲ್ಲಿ. ಆಕೆ ಸಂಖ್ಯೆ ಓದಬೇಕು, ಅವರು ಎಷ್ಟು ಸಲ ಹೋಗುತ್ತದೆ, ಎಷ್ಟು ಕಳೆಯಬೇಕು ಎಂದು ಹೇಳಬೇಕು. ಆಕೆ ಕಳೆದು, ಮುಂದಿನ ಅಂಕಿ ಇಳಿಸಿಕೊಂಡು, ಹೊಸ ಸಂಖ್ಯೆಯನ್ನು ಓದಬೇಕು. ಹತ್ತನೇ ತರಗತಿಯ ನಂತರ ಟೈಲರಮ್ಮ ಭಾಗಾಕಾರದ ಮುಖ ನೋಡಿದವಳಲ್ಲ. ಆದರೂ ಒಂದೇ ವಾರದಲ್ಲಿ ಕೈ ಕುದುರಿತು. ಬಟ್ಟೆ ಕತ್ತರಿಸುವವಳಿಗೆ ಕಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಆಗ ಒಂದು ವಿಚಿತ್ರ ನಡೆಯಿತು. ಸಾಹೇಬರು ಬೈಯುವುದನ್ನು ಬಿಟ್ಟರು. ಮೂರರಿಂದ ಐದರವರೆಗೆ ಮೇಜಿನ ಎದುರು ಕೂತು, ಕಣ್ಣು ಮುಚ್ಚಿ, "ಹೇಳು" ಅನ್ನುತ್ತಿದ್ದರು. ಆಕೆ ಹೇಳಿದ್ದನ್ನು ಕೇಳುತ್ತಿದ್ದರು. "ಸರಿ ತಾನೇ? ನೀನು ನೋಡಿದ್ಯಲ್ಲ?" ಅನ್ನುತ್ತಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ 'ಸರಿ ತಾನೇ' ಎಂದು ಆ ಬಾಯಿಂದ ಆಕೆ ಕೇಳಿದ್ದು ಅದೇ ಮೊದಲು. ನಡುವೆ ಒಮ್ಮೆ ತಾವೇ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು. ಕುಡಿಯಲಾಗದಷ್ಟು ಕೆಟ್ಟದಾಗಿತ್ತು. ಟೈಲರಮ್ಮ ಎರಡು ಲೋಟ ಕುಡಿದಳು.

ಇಪ್ಪತ್ತನೇ ದಿನದ ಮೊದಲ ಸಂಖ್ಯೆ ಆರುನೂರ ನಲವತ್ತೊಂದು.

"ನಾಲ್ಕು ಸಾವಿರದ ಇನ್ನೂರ ತೊಂಬತ್ನಾಲ್ಕು" ಎಂದು ಆಕೆ ಮೊದಲ ನಾಲ್ಕು ಅಂಕಿ ಓದಿದಳು.

"ಆರು. ಮೂರು ಸಾವಿರದ ಎಂಟುನೂರ ನಲವತ್ತಾರು ಕಳಿ."

ಕಳೆದು, ಒಂಬತ್ತನ್ನು ಇಳಿಸಿದಳು. "ನಾಲ್ಕು ಸಾವಿರದ ನಾನೂರ ಎಂಬತ್ತೊಂಬತ್ತು."

"ಏಳು. ನಾಲ್ಕು ಸಾವಿರದ ನಾನೂರ ಎಂಬತ್ತೇಳು ಕಳಿ."

ಎರಡು ಉಳಿಯಿತು. ಮುಂದೆರಡು ಅಂಕಿಗೆ ಎರಡು ಸೊನ್ನೆ, ಆಮೇಲೆ ನಾಲ್ಕು, ಆಮೇಲೆ ಒಂದು. ಕೊನೆಗೆ ನಾನೂರ ನಲವತ್ತೆಂಟು ಉಳಿದು, ಕಟ್ಟಕಡೆಯ ಏಳನ್ನು ಇಳಿಸಿಕೊಂಡಾಗ ಟೈಲರಮ್ಮನ ಪೆನ್ನು ಗಕ್ಕನೆ ನಿಂತಿತು. ಮುಂದೆ ಇದ್ದದ್ದು 4487. ಈಗ ತಾನೇ ಮೇಲಿನ ಸಾಲಿನಲ್ಲಿ ಆಕೆ ಇದೇ 4487 ಅನ್ನು ಕಳೆದಿದ್ದಳು. ಆರುನೂರ ನಲವತ್ತೊಂದಕ್ಕೆ ಏಳು ಸಲ. ಸರಿಯಾಗಿ ಏಳು ಸಲ. ಏನೂ ಉಳಿಯುವುದಿಲ್ಲ.

ಅಂದರೆ ಬಗ್ಗದ ಸಂಖ್ಯೆ ಬಗ್ಗಿತು. ಮೂರು ವರ್ಷದ ಕೆಲಸ ಮೂರೇ ವಾರಕ್ಕೆ ಮುಗಿಯಿತು. ನಾಳೆ ಮೂರು ಗಂಟೆಗೆ ಸಾಹೇಬರು ಈ ಮೇಜಿನ ಎದುರು ಕೂರುವುದಿಲ್ಲ, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಎದುರು ನಿಂತಿರುತ್ತಾರೆ.

"ಹೇಳು" ಅಂದರು ಸಾಹೇಬರು, ಕಣ್ಣು ಮುಚ್ಚಿಕೊಂಡೇ.

"ನಾಲ್ಕು ಸಾವಿರದ ನಾನೂರ ಎಂಬತ್ತೊಂಬತ್ತು" ಅಂದಳು ಟೈಲರಮ್ಮ.

ಸಾಹೇಬರು ಕಿವಿ ತಿಕ್ಕಿಕೊಂಡರು. "ಮತ್ತೆ ಅದೇ ಬಂತಲ್ಲ! ಏಳು. ಉಳಿದದ್ದು ಎರಡು. ಬಗ್ಗಲಿಲ್ಲ ನೋಡು!" ಎಂದು ಮೇಜು ಕುಟ್ಟಿದರು. ಗುಂಡಿಗಳ ಡಬ್ಬಿ ನೆಲಕ್ಕೆ ಬಿತ್ತು. ಇಬ್ಬರೂ ನೆಲದ ಮೇಲೆ ಕೂತು ಅರ್ಧ ಗಂಟೆ ಗುಂಡಿ ಆರಿಸಿದರು. ಸಾಹೇಬರಿಗೆ ಕಾಣದಿದ್ದರೂ ಕೈಯಾಡಿಸಿ ಆರಿಸಿದರು, ಬೈಯದೆ.

ಒಂದು ಸುಳ್ಳು ಹೇಳಿದರೆ ಮುಗಿಯಿತೆಂದುಕೊಂಡವಳಿಗೆ ಮೂರು ವರ್ಷ ದಿನಾ ಎರಡು ಗಂಟೆ ಎದೆಬಡಿತ ಗಂಟುಬಿತ್ತು. ಇನ್ನೊಮ್ಮೆ ಎಲ್ಲಾದರೂ ಸೊನ್ನೆ ಬಂದರೆ? ಆಗಲೂ ಸುಳ್ಳು ಹೇಳಬೇಕೆ? ಅದೃಷ್ಟಕ್ಕೆ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ಆರುನೂರ ನಲವತ್ತೊಂದರ ಜೊತೆಗಾರ ಅರವತ್ತೇಳು ಲಕ್ಷ ನಾನೂರ ಹದಿನೇಳು, ಅವನೂ ಅವಿಭಾಜ್ಯನೇ, ಪಟ್ಟಿಯ ಆಚೆಗೆ ಎಲ್ಲೋ ದೂರದಲ್ಲಿ ಆರಾಮಾಗಿ ಕೂತಿದ್ದ. ಇಡೀ ದಾರಿಯಲ್ಲಿ ಇದ್ದದ್ದು ಒಂದೇ ಹೊಂಡ, ಅದನ್ನು ಟೈಲರಮ್ಮ ಮೂರನೇ ವಾರದಲ್ಲೇ ದಾಟಿಬಿಟ್ಟಿದ್ದಳು. ಆದರೆ ಅದು ಆಕೆಗೇನು ಗೊತ್ತು?

ಹಬ್ಬವಿರಲಿ, ಜ್ವರವಿರಲಿ, ಒಂದು ದಿನ ತಪ್ಪಲಿಲ್ಲ. ಪಟ್ಟಿಯ ಕೊನೆಯ ಸಂಖ್ಯೆ ಅರವತ್ತೈದು ಸಾವಿರದ ಐನೂರ ಇಪ್ಪತ್ತೊಂದು. ಶೇಷ ಇನ್ನೂರ ಇಪ್ಪತ್ತಾರು. ಸಾಹೇಬರು ಎದ್ದು ನಿಂತು ಹೆಂಡತಿಯ ಕೈ ಕುಲುಕಿದರು. ಕುಲುಕಿಸಿಕೊಂಡವಳ ಕೈ ತಣ್ಣಗಿತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಾಹೇಬರು ಹಿತ್ತಾಳೆಯ ಫಲಕ ಕೆತ್ತಿಸಿದರು. ಶನಿವಾರ ಸಂಜೆ ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟರು. ಮೇಲೆ ಸಂಖ್ಯೆ, ಅದರ ಕೆಳಗೆ 'ಪರೀಕ್ಷಿಸಿದೆ, ಅವಿಭಾಜ್ಯ', ಅದರ ಕೆಳಗೆ ಇಬ್ಬರ ಹೆಸರು. ಆಕೆಯ ಹೆಸರು ಮೊದಲು.

"ನಿನ್ನ ಹೆಸರು ಮುಂದೆ ಇರಲಿ ಅಂದೆ. ಬರೆದೋಳು ನೀನು. ನಾನು ಕಣ್ಮುಚ್ಕೊಂಡು ಕೂತಿದ್ದೆ ಅಷ್ಟೇ."

ಜೊತೆಗೇ ಬಂದಿದ್ದ ನಿವೃತ್ತ ಇನ್‌ಸ್ಪೆಕ್ಟರುಗಳ ಸಂಘದ ಕಾರ್ಯದರ್ಶಿ ಹಲ್ಲು ಕಿರಿದ. "ನಾಳೆ ಹತ್ತು ಗಂಟೆಗೆ ಸಭೆ ಅಮ್ಮಾ. ಸಾಹೇಬ್ರು ಘೋಷಣೆ ಮಾಡ್ತಾರೆ. ನಾನು ಅಲ್ಲೇ ಸಂಖ್ಯೆಯನ್ನ ಫೋನಲ್ಲಿ ಹಾಕಿ ದೊಡ್ಡ ಪರದೆ ಮೇಲೆ ತೋರಿಸಿಬಿಡ್ತೀನಿ, ಒಂದು ಸೆಕೆಂಡಿನ ಕೆಲಸ. ಎಲ್ಲರೂ ಚಪ್ಪಾಳೆ ತಟ್ಟಬೇಕು!"

ಟೈಲರಮ್ಮ ಫಲಕವನ್ನು ಸೆರಗಿನಿಂದ ಒರೆಸತೊಡಗಿದಳು. ಮೂವತ್ತಾರು ವರ್ಷ ಯಾರಿಗೂ ಒಂದು ಗ್ರಾಂ ಬಿಟ್ಟುಕೊಡದ ಮನುಷ್ಯ, ನಾಳೆ ತಮ್ಮ ಜೊತೆಗಾರರ ಮುಂದೆ, ದೊಡ್ಡ ಪರದೆಯ ಮೇಲೆ, ಹೆಂಡತಿ ಕೊಟ್ಟ ಕಳ್ಳ ಲೆಕ್ಕ ಹಿಡಿದು ನಿಲ್ಲುತ್ತಾರೆ. ಹೇಳಿದರೆ ತನ್ನನ್ನು ಜನ್ಮದಲ್ಲಿ ನಂಬುವುದಿಲ್ಲ. ಹೇಳದಿದ್ದರೆ ಅವರು ನಗೆಪಾಟಲು.

ಭಾನುವಾರ ಬೆಳಿಗ್ಗೆ ಅವರ ಅಂಗಿಗೆ ಇಸ್ತ್ರಿ ಹಾಕುತ್ತಾ, ತಲೆಯೆತ್ತದೆ ಹೇಳಿದಳು. "ರೀ, ಅದು ಬಗ್ಗುತ್ತೆ."

"ಯಾವುದು? ಕಾಲರಾ?"

"ನಿಮ್ಮ ಸಂಖ್ಯೆ. ಆರುನೂರ ನಲವತ್ತೊಂದಕ್ಕೆ ಬಗ್ಗುತ್ತೆ. ಕೊನೆಗೆ ಬಂದದ್ದು ಎಂಬತ್ತೇಳು. ನಾನು ಎಂಬತ್ತೊಂಬತ್ತು ಅಂತ ಹೇಳಿದೆ. ಬೇಕಂತಲೇ ಹೇಳಿದೆ."

ಸಾಹೇಬರು ಬನಿಯನ್ನಿನಲ್ಲೇ ಮೇಜಿನ ಎದುರು ಕೂತರು. "ಪುಸ್ತಕ ತೆಗಿ. ಓದು."

ಓದಿದಳು. ಆರು, ಏಳು, ಸೊನ್ನೆ, ಸೊನ್ನೆ, ನಾಲ್ಕು, ಒಂದು. ಕೊನೆಗೆ 4487 ಎಂದಳು. ಸಾಹೇಬರು "ಏಳು" ಅಂದರು. ಟೈಲರಮ್ಮ ಕೆಳಗೆ ಸೊನ್ನೆ ಬರೆದಳು. ಅವರು ಬೈಯುತ್ತಾರೆಂದು ಆಕೆ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಅಂಗಿ ತೊಟ್ಟು, ಫಲಕವನ್ನು ಅಲ್ಲೇ ಬೋರಲು ಹಾಕಿ, ಕೋಲು ಹಿಡಿದು ಹೊರಟರು. ಟೈಲರಮ್ಮ ಇಸ್ತ್ರಿಪೆಟ್ಟಿಗೆ ಆರಿಸಿ ಅವರ ಹಿಂದೆಯೇ ನಡೆದಳು, ಹತ್ತು ಹೆಜ್ಜೆ ಅಂತರ ಬಿಟ್ಟು.

ಸಂಘದ ಸಭಾಂಗಣದಲ್ಲಿ ನಲವತ್ತು ಮುದುಕರು ನಲವತ್ತು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಗಜಕಡ್ಡಿ. ಸಾಹೇಬರ ಹಳೆಯ ಜೊತೆಗಾರ, ಬಟ್ಟೆಯಂಗಡಿಗಳ ಅಳತೆ ನೋಡುತ್ತಿದ್ದವನು, ಆರಡಿ ಎತ್ತರ. ಇಡೀ ಜೀವಮಾನ ಸಾಹೇಬರಲ್ಲಿ ಒಂದು ತಪ್ಪು ಕಂಡುಹಿಡಿಯಬೇಕೆಂದು ಒದ್ದಾಡಿ ಸೋತಿದ್ದವನು. ಟೈಲರಮ್ಮ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತಳು.

ಸಾಹೇಬರು ವೇದಿಕೆ ಹತ್ತಿ, ಕಾರ್ಯದರ್ಶಿ ಸಂಖ್ಯೆ ಬರೆದಿಟ್ಟಿದ್ದ ಬೋರ್ಡಿನ ಪಕ್ಕ ನಿಂತರು. ಗಂಟಲು ಸರಿಮಾಡಿಕೊಂಡರು.

"ಸಂಖ್ಯೆ ಬಗ್ಗುತ್ತೆ. ಆರುನೂರ ನಲವತ್ತೊಂದು ಅದನ್ನ ಭಾಗಿಸುತ್ತೆ. ಮೂರನೇ ವಾರದಲ್ಲೇ ಸಿಗಬೇಕಿತ್ತು. ನಾವು ಮೂರು ವರ್ಷ ವ್ಯರ್ಥ ದುಡಿದಿದ್ದೀವಿ. ತಪ್ಪು ನನ್ನದು. ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ಸಭೆ ಒಂದು ಕ್ಷಣ ಪಿಳಿಪಿಳಿ ಕಣ್ಣುಬಿಟ್ಟಿತು. ಆಮೇಲೆ ಗಜಕಡ್ಡಿ ನಕ್ಕ. ಅವನು ನಕ್ಕದ್ದೇ ತಡ, ಮೂವತ್ತೆಂಟು ಜನ ನಕ್ಕರು. ಇನ್ನೊಬ್ಬರು ನಿದ್ದೆ ಹೋಗಿದ್ದರು. "ತಕ್ಕಡಿ ತಪ್ಪಿತಪ್ಪೋ!" ಎಂದು ಯಾರೋ ಕೂಗಿದರು. ಕಾರ್ಯದರ್ಶಿಯ ಫೋನು ಪರದೆಯ ಮೇಲೆ 641 ಎಂದು ತೋರಿಸಿ, ಗಾಯಕ್ಕೆ ಉಪ್ಪು ಸವರಿತು. ಸಾಹೇಬರು ಕೋಲಿನ ಮೇಲೆ ಭಾರ ಹಾಕಿ ನಿಂತೇ ಇದ್ದರು.

ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಸುಳ್ಳು ಲೆಕ್ಕವನ್ನು ಎಂದೂ ಸಹಿಸದ ಮನುಷ್ಯ ತನಗಾಗಿ ನಲವತ್ತು ಜನರೆದುರು ಸುಳ್ಳು ಹೇಳಿ ನಗೆಪಾಟಲಾಗುತ್ತಿದ್ದಾರೆ. ಎದ್ದು ನಿಂತಳು.

"ಅವರು ಹೇಳ್ತಿರೋದು ಸುಳ್ಳು. ಅವರು ಸರಿಯಾಗೇ ಕೇಳಿಸ್ಕೊಂಡ್ರು. ನಾನೇ ತಪ್ಪು ಓದಿದೆ. ಕೊನೇ ಅಂಕಿ ಇಳಿಸಿದಾಗ ಎಂಬತ್ತೇಳು ಇತ್ತು, ಬೇಕಂತ ಎಂಬತ್ತೊಂಬತ್ತು ಅಂದೆ."

ನಗು ನಿಂತಿತು.

"ಯಾಕಮ್ಮಾ?" ಅಂದ ಗಜಕಡ್ಡಿ.

"ಮೂರೇ ವಾರಕ್ಕೆ ಮುಗಿದುಹೋಗ್ತಿತ್ತಲ್ಲ" ಅಂದಳು ಟೈಲರಮ್ಮ. ಇನ್ನು ಮುಚ್ಚಿಡುವುದೇನಿದೆ ಎಂದು ಪೂರ್ತಿ ಹೇಳಿಬಿಟ್ಟಳು. "ಮದುವೆಯಾಗಿ ಇಷ್ಟು ವರ್ಷ ಈ ಮನುಷ್ಯ ನನ್ನ ಜೊತೆ ಕೂತು ಮಾತಾಡಿದ್ದೇ ಇಲ್ಲ. ಆ ಎರಡು ಗಂಟೆ ಮಾತಾಡ್ತಿದ್ರು. ಬರೀ ಅಂಕಿಯೇ ಇರಬಹುದು. ಆದ್ರೂ ನಾನು ಹೇಳಿದ್ದನ್ನ ಕೇಳ್ತಿದ್ರು. ಅದಕ್ಕೇ."

ಎಚ್ಚರವಿದ್ದ ಮುದುಕರು ತಂತಮ್ಮ ಚಪ್ಪಲಿ ನೋಡಿಕೊಂಡರು. ಒಬ್ಬೊಬ್ಬರಿಗೂ ಮನೆಯಲ್ಲಿ ಯಾರೋ ನೆನಪಾದಂತಿತ್ತು. ಆದರೆ ಗಜಕಡ್ಡಿ ಹುಬ್ಬು ಗಂಟಿಕ್ಕಿ ಬೋರ್ಡಿನತ್ತಲೇ ನೋಡುತ್ತಿದ್ದ. ಅಳತೆಯವನ ಕಣ್ಣು ಎಲ್ಲಿ ಹೋದೀತು?

"ಒಂದ್ನಿಮಿಷ. ಸಂಖ್ಯೆಯ ಕೊನೇ ಅಂಕಿ ಏಳು. ಅದನ್ನ ಇಳಿಸ್ಕೊಂಡ ಮೇಲೆ ಬರೋದು ಏಳರಲ್ಲೇ ಮುಗೀಬೇಕು. ಯಾವುದರಿಂದ ಭಾಗಿಸಿದ್ರೂ ಅಷ್ಟೇ. ಅಮ್ಮ ಒಂಬತ್ತು ಅಂದ್ರು. ಎಳೇ ಮಕ್ಕಳೂ ಹಿಡೀತಾರೆ. ನೀನು, ತಕ್ಕಡಿ, ನೀನು ಹಿಡೀಲಿಲ್ವಾ?"

ಟೈಲರಮ್ಮ ತಿರುಗಿ ಗಂಡನ ಮುಖ ನೋಡಿದಳು. ಮೂರು ವರ್ಷದಲ್ಲಿ ಇದು ಆಕೆಗೆ ಹೊಳೆದೇ ಇರಲಿಲ್ಲ. ಸಾಹೇಬರ ಎರಡೂ ಕಿವಿ ಕೆಂಪಗಾಗಿದ್ದವು.

"ಒಂಬತ್ತು ಅಂದಾಗ ಏನೋ ಚುಚ್ಚಿತು" ಅಂದರು, ಯಾರನ್ನೂ ನೋಡದೆ. "ಇನ್ನೊಂದ್ಸಲ ಓದು ಅನ್ನಬೇಕಿತ್ತು. ಅನ್ನಲಿಲ್ಲ. ಆಮೇಲೆ ಮರೆತೆ. ಮರೆಯೋಕೆ ಬಹಳ ಕಷ್ಟವೇನೂ ಆಗಲಿಲ್ಲ. ಅದಕ್ಕೇ ಹೇಳಿದ್ದು, ತಪ್ಪು ನನ್ನದು. ಅದರಲ್ಲಿ ಸುಳ್ಳೇನಿದೆ?"

ಟೈಲರಮ್ಮ ಧೊಪ್ಪನೆ ಕುರ್ಚಿಯಲ್ಲಿ ಕೂತಳು. ಅಳು ಬಂತು, ಅದರ ಮೇಲೆ ನಗು ಬಂತು, ಎರಡಕ್ಕೂ ಸೇರಿಸಿ ಒಂದೇ ಸಲ ಮೂಗು ಒರೆಸಿಕೊಂಡಳು. ಮೂರು ವರ್ಷ ಒಬ್ಬಳೇ ಹೊತ್ತೆನೆಂದುಕೊಂಡದ್ದಕ್ಕೆ ಇನ್ನೊಂದು ಹೆಗಲೂ ಇತ್ತು.

ಸಾಹೇಬರು ಕೋಲಿನಿಂದ ವೇದಿಕೆಯನ್ನು ಕುಟ್ಟಿದರು. "ಗಜಕಡ್ಡಿ, ನೀನು ಉದ್ದ ಇದ್ದೀಯ, ಬೋರ್ಡಿನ ಮೇಲೆ ಬರಿ. ಸಾಲಿನಲ್ಲಿ ಇದರ ಮುಂದಿನ ಸಂಖ್ಯೆ." ಕಣ್ಣು ಮುಚ್ಚಿ ಒಂದೊಂದೇ ಅಂಕಿ ಹೇಳಿದರು. 18446744073709551617. ಇಪ್ಪತ್ತು ಅಂಕಿ. ಗಜಕಡ್ಡಿ ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆಯಬೇಕಾಯಿತು.

"ಇದು ಬಗ್ಗುತ್ತೋ ಇಲ್ವೋ?"

"ಒಂದು ಸೆಕೆಂಡು" ಎಂದು ಕಾರ್ಯದರ್ಶಿ ಫೋನಿಗೆ ಕೈಹಾಕಿದ.

"ಮುಟ್ಟಬೇಡಿ ಅದನ್ನ!" ಎಂದು ಟೈಲರಮ್ಮ ಕಿರುಚಿದ ರಭಸಕ್ಕೆ ನಿದ್ದೆಹೋಗಿದ್ದ ಆ ಒಬ್ಬರು ಎದ್ದು ಕೂತು ಚಪ್ಪಾಳೆ ತಟ್ಟಿದರು.

ಎಷ್ಟು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾದೀತೆಂದು ಹೇಳಲು ಮಾತ್ರ ಕಾರ್ಯದರ್ಶಿಗೆ ಅಪ್ಪಣೆ ಸಿಕ್ಕಿತು. ಇಪ್ಪತ್ತು ಕೋಟಿಗೂ ಮೇಲೆ ಅಂದ. ಗಜಕಡ್ಡಿ ದಿನಕ್ಕೆ ಆರರಂತೆ ಲೆಕ್ಕ ಹಾಕಿ, ಎರಡೆರಡು ಸಲ ಪರೀಕ್ಷಿಸಿ, ತೊಂಬತ್ತು ಸಾವಿರ ವರ್ಷ ದಾಟುತ್ತದೆ ಎಂದು ಬೋರ್ಡಿನ ಕೆಳಗೆ ಬರೆದ.

ಸಾಹೇಬರು ವೇದಿಕೆ ಇಳಿದು, ಕುರ್ಚಿಗಳನ್ನು ತಡವಿಕೊಂಡು, ಬಾಗಿಲ ಬಳಿ ಹೆಂಡತಿಯ ಮುಂದೆ ಬಂದು ನಿಂತರು.

"ಈ ಸಲ ಸೊನ್ನೆ ಬಂದ್ರೆ ಹೇಳ್ತೀಯಾ?"

"ಬಂದಾಗ ನೋಡೋಣ" ಅಂದಳು ಟೈಲರಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ನಾಳೆಯಿಂದ ಎರಡೂವರೆಗೇ ಕೂರೋಣ ರೀ. ಮೂರು ಗಂಟೆ ಅಂದ್ರೆ ತಡವಾಗುತ್ತೆ."